ತನ್ನದಲ್ಲದ ಮಾತು ಹೊತ್ತ ಸರ್ವಮಂಗಳ

ಸೋಮವಾರಪೇಟೆಯಿಂದ ಮಾದಾಪುರದ ಮೇಲೆ ಸುಂಟಿಕೊಪ್ಪಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಸರ್ವಮಂಗಳಳದು. ಯಾರೂ ಬರೆದು ಕೊಟ್ಟದ್ದಲ್ಲ. ವರ್ಷಗಟ್ಟಲೆ ಅದೇ ಬಸ್ಸಿಗೆ ಬಂದವಳಿಗೆ ಕಂಡಕ್ಟರೇ ಕೈ ಅಡ್ಡ ಇಟ್ಟು ಜಾಗ ಉಳಿಸುತ್ತಿದ್ದ. ಬೇರೆ ಯಾರಾದರೂ ಕೂರಲು ಬಂದರೆ, "ಏಳಿ ಏಳಿ, ಮೇಡಂ ಬತ್ತಾರೆ. ಸೀಟಿಲ್ಲ ಅಂದ್ರೆ ಯಾಕಿಲ್ಲ, ಎಲ್ಲೋಯ್ತು, ಯಾರ್ಗ್ ಕೊಟ್ಟೆ ಅಂತ ಸುಂಟಿಕೊಪ್ಪದ ತನಕ ನನ್ ತಲೆ ತಿಂತಾರೆ" ಎನ್ನುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು, ಸರ್ವಮಂಗಳಳೂ ನಗುತ್ತಿದ್ದಳು.

ಕೇಳುವ ಚಾಳಿ ಅವಳಿಗೆ ಹುಟ್ಟಿನಿಂದ ಬಂದದ್ದು. ಅಪ್ಪ ಗಂಗಣ್ಣನಿಗೆ ಸೋಮವಾರಪೇಟೆಯಲ್ಲಿ ಏಲಕ್ಕಿ, ಮೆಣಸು ಕೊಳ್ಳುವ ಅಂಗಡಿ. ಸಂತೆಯ ದಿನ ತಕ್ಕಡಿಯ ಪಕ್ಕ ಕೂತ ಹುಡುಗಿ ಬಂದವರನ್ನೆಲ್ಲ ಹಿಡಿದು ಕೇಳುತ್ತಿತ್ತು. ನಿಮ್ಮ ಏಲಕ್ಕಿ ಯಾಕೆ ಹಸಿರು, ಅವರದ್ದು ಯಾಕೆ ಬಿಳಿಚಿಕೊಂಡಿದೆ, ಒಣಗಿಸಿದ ಮೇಲೆ ತೂಕ ಎಲ್ಲಿಗೆ ಹೋಗುತ್ತದೆ? "ಸುಮ್ನಿರವ್ವ, ಯಾಪಾರ ಕೆಡ್ತದೆ" ಎಂದು ಗಂಗಣ್ಣ ಕಣ್ಣಲ್ಲೇ ಗದರುತ್ತಿದ್ದ. ಶಾಲೆಯಲ್ಲೂ ಅದೇ ಹಾಡು. ಮೇಷ್ಟ್ರು ಕೋಲಿನ ತುದಿಯಿಂದ ಗೆಣ್ಣಿಗೆ ತಟ್ಟಿ, "ಪುಸ್ತಕದಲ್ಲಿ ಇರೋದನ್ನ ಹೇಳು, ಇಲ್ದೇ ಇರೋದನ್ನ ಕೇಳ್ಬೇಡ" ಎಂದರು. ಕಾಲೇಜಿಗೆ ಹೋದಾಗ ಕೋಲಿರಲಿಲ್ಲ, ನೋಟ್ಸ್ ಇತ್ತು. ಅಂಚು ಹಳದಿಯಾದ ಹಾಳೆ ಹಿಡಿದು ಅವರು ಓದುವುದು, ಇವರು ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಅದನ್ನೇ ಇಳಿಸಿ ಬರುವುದು. ದನವಾದರೂ ನುಂಗಿದ್ದನ್ನು ಮೆಲುಕು ಹಾಕುತ್ತದೆ. ಇದು ನುಂಗಿದ್ದನ್ನು ನುಂಗಿದ ಹಾಗೇ ಕಕ್ಕುವ ಕೆಲಸ. ಹಾಗೆ ಕಕ್ಕಿ ಕಕ್ಕಿಯೇ ಸರ್ವಮಂಗಳ ಮೈಸೂರಿಗೆ ಹೋಗಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಬಂದಳು.

ಬಂದವಳನ್ನು ಊರಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅನಿಲ್‌ಕುಮಾರನಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಹೆಂಡತಿಯ ಪ್ರಶ್ನೆಗಳಿಗೆ ಹೆದರದವನು. ಕೆಲಸ ಸಿಕ್ಕಿದ್ದು ಸುಂಟಿಕೊಪ್ಪದ ಆಚೆ, ತೋಟಗಳ ನಡುವೆ ಇರುವ ಒಂದು ಸಣ್ಣ ಪದವಿ ಕಾಲೇಜಿನಲ್ಲಿ. ಸುತ್ತಲಿನ ಪ್ಲಾಂಟರುಗಳು ಸೇರಿ ಕಟ್ಟಿಸಿದ ಕಾಲೇಜು ಅದು, ಆಡಳಿತ ಮಂಡಳಿಯಲ್ಲೂ ಅವರೇ. ಇವಳು ಅಲ್ಲಿ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಮಣೆ ಹಾಕುತ್ತಾರೆ. ಕಾಲೇಜಿನ ಅತಿಥಿಯನ್ನು ವರ್ಷ ಮುಗಿದ ಕೂಡಲೇ ಎಬ್ಬಿಸಿ ಕಳಿಸುತ್ತಾರೆ, ಮನಸ್ಸಾದರೆ ಮತ್ತೆ ಕರೆಯುತ್ತಾರೆ. ಸರ್ವಮಂಗಳಳನ್ನು ಪ್ರತಿ ವರ್ಷ ಕರೆದರು. ಪ್ರತಿ ವರ್ಷ ಆ ಕರೆ ಬರುವವರೆಗೆ ಅವಳು ಅನ್ನ ಸರಿಯಾಗಿ ಉಣ್ಣುತ್ತಿರಲಿಲ್ಲ.

ಮೊದಮೊದಲು ಅವಳೂ ನೋಟ್ಸೇ ಬರೆಸಿದಳು. ತಾನು ಯಾವುದನ್ನು ಬೈದುಕೊಂಡು ಬೆಳೆದಳೋ ಅದನ್ನೇ ಕೈಯಲ್ಲಿ ಹಿಡಿದು ನಿಂತಳು. ಒಂದು ದಿನ ವಲಸೆಯ ಪಾಠ. ವಲಸೆಗೆ ಕಾರಣಗಳು, ಪರಿಣಾಮಗಳು ಎಂದು ಬರೆಸುತ್ತಾ ಹೋಗುವಾಗ ಹಿಂದಿನ ಬೆಂಚಿನ ನಿತೇಶ ಎಂಬುವನು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

"ಏನಪ್ಪಾ, ಮನೇಲಿ ಹಾಸಿಗೆ ಇಲ್ವಾ?" ಎಂದಳು.

"ಶುಂಠಿ ಲೋಡ್ ಮಾಡ್ಲಿಕ್ಕಿತ್ತು ಮೇಡಂ."

"ಸರಿ, ಹೇಳು. ನಿಮ್ಮೋರು ಎಲ್ಲಿಂದ ಇಲ್ಲಿಗೆ ಬಂದೋರು?"

"ಪುತ್ತೂರಿಂದ. ಅಜ್ಜನ ಕಾಲ್ದಲ್ಲಿ."

"ಯಾಕೆ ಬಂದ್ರು?"

ನಿತೇಶ ತಲೆ ಕೆರೆದ. "ಅಜ್ಜ ಅವರ ಅಣ್ಣನ ಹಲ್ಲು ಮುರ್ದು ಓಡಿ ಬಂದದ್ದು ಮೇಡಂ. ನೀವು ಬರೆಸಿದ ಕಾರಣಗಳಲ್ಲಿ ಅದಿಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸರ್ವಮಂಗಳ ನೋಟ್ಸ್ ಮುಚ್ಚಿಟ್ಟಳು. ಮುಂದಿನ ಹುಡುಗಿಯನ್ನು ಕೇಳಿದಳು, ಅದರ ಮುಂದಿನವನನ್ನು ಕೇಳಿದಳು. ಒಬ್ಬನ ಮನೆಯವರು ಕಣ್ಣೂರಿನಿಂದ ಮರ ಕೊಯ್ಯಲು ಬಂದವರು, ಒಬ್ಬಳದು ಸೇಲಂ. ಮಿಲನ್ ಎಂಬ ಅರೆಭಾಷೆ ಮಾತಾಡುವ ಹುಡುಗ ಎದ್ದು, "ನಾವು ಎಲ್ಲಿಂದಲೂ ಬಂದವರಲ್ಲ ಮೇಡಂ, ನಮ್ಮಲ್ಲಿಗೆ ಬರೋದು ಆನೆ ಮಾತ್ರ" ಎಂದ. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ.

ಅಂದಿನಿಂದ ಅವಳ ಕ್ಲಾಸಿನ ರೀತಿಯೇ ಬದಲಾಯಿತು. ಬೆಂಚುಗಳನ್ನು ಗೋಡೆಗೆ ಸರಿಸಿ ದುಂಡಗೆ ಕೂರಿಸಿದಳು. ಪಾಠವನ್ನು ಮನೆಯಲ್ಲೇ ಓದಿ ಬರಬೇಕು, ಇಲ್ಲಿ ಅದರ ಮೇಲೆ ಮಾತು. ಕನ್ನಡ ತಡವರಿಸಿದರೆ ಮನೆಯ ಮಾತಲ್ಲೇ ಹೇಳಲಿ, ತುಳುವೋ ಮಲಯಾಳವೋ ತಮಿಳೋ, ಪಕ್ಕದವರು ಉಳಿದವರಿಗೆ ತಿಳಿಸಲಿ. ಪ್ರತಿಯೊಬ್ಬರೂ ತಮ್ಮ ಸುತ್ತಲಿನ ಒಂದು ಸಂಗತಿಯನ್ನು ತಾವೇ ಹಿಡಿದು, ತಾವೇ ನಾಲ್ಕು ಜನರನ್ನು ಕೇಳಿ, ತಾವೇ ಎದ್ದು ನಿಂತು ಹೇಳಬೇಕು. ಹೇಳುವ ಮುಂಚೆ ಹೆಸರು, ಊರು, ತೋಟ ಹೇಳಬೇಕು. ಕೊಡಗಿನಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದೇ "ಯಾವ ತೋಟ?" ಎಂದಲ್ಲವೇ. ಹಾಗಾಗಿ ಅದು ಯಾರಿಗೂ ಹೆಚ್ಚೆನಿಸಲಿಲ್ಲ.

ಸ್ಟಾಫ್ ರೂಮಿನಲ್ಲಿ ನಗೆಯಾಯಿತು. "ಸರ್ವಮಂಗಳ ಮೇಡಂ ಕ್ಲಾಸಲ್ಲಿ ಪಾಠ ಇಲ್ಲ, ಪಂಚಾಯ್ತಿ ಉಂಟು" ಎಂದರು. ಪ್ರಿನ್ಸಿಪಾಲ್ ಬೆಳ್ಯಪ್ಪ ಒಂದೆರಡು ಸಲ ಕರೆದು, "ಸಿಲಬಸ್ ಮುಗೀತದಾ ಮೇಡಂ?" ಎಂದು ಕೇಳಿದರು. ಆಮೇಲೆ ಕಾಲೇಜುಗಳನ್ನು ನೋಡಿ ದರ್ಜೆ ಕೊಡುವ ನ್ಯಾಕ್ ತಂಡ ಬರುವುದು ನಿಶ್ಚಯವಾಯಿತು. ಆ ತಂಡ ಬಂದರೆ ವಿದ್ಯಾರ್ಥಿಗಳೇ ತಾವಾಗಿ ಕಲಿಯುವಂಥದ್ದು ಏನು ನಡೆಸಿದ್ದೀರಿ ಎಂದು ಕೇಳುತ್ತಾರಂತೆ. ಕಾಲೇಜೆಲ್ಲ ಹುಡುಕಿದರೂ ತೋರಿಸಲು ಇದ್ದದ್ದು ಸರ್ವಮಂಗಳಳ ಪಂಚಾಯ್ತಿ ಒಂದೇ. ನಕ್ಕವರೇ ಬಂದು, "ನಿಮ್ಮಿಂದ ಕಾಲೇಜಿನ ಮಾನ ಉಳಿಯಬೇಕು" ಎಂದರು. ತಂಡ ಬರುವ ದಿನ ನಾಲ್ಕು ಮಕ್ಕಳು ಸಭಾಂಗಣದಲ್ಲಿ ಮಾತಾಡುವುದೆಂದು ತೀರ್ಮಾನವಾಯಿತು. ನಾಲ್ಕನೆಯವಳು ರಂಜಿತಾ.

ರಂಜಿತಾ ನೇರಳೆಹಳ್ಳ ಎಸ್ಟೇಟಿನ ಲೈನಿನ ಹುಡುಗಿ. ಲೈನೆಂದರೆ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳು, ಕೋಣೆಗೊಂದು ಸಂಸಾರ, ಎಲ್ಲ ತೋಟದ ಕೆಲಸದವರದ್ದೇ. ತೋಟದಲ್ಲಿ ಕೆಲಸ ಇರುವವರೆಗೆ ಆ ಕೋಣೆ ಅವರದು, ಕೆಲಸ ತಪ್ಪಿದರೆ ಕೋಣೆಯೂ ತಪ್ಪಿತು. ತಾಯಿ ರುದ್ರಮ್ಮ ಅರಕಲಗೂಡಿನ ಕಡೆಯಿಂದ ಮದುವೆಯಾಗಿ ನೇರವಾಗಿ ಆ ಲೈನಿಗೇ ಬಂದವಳು. ಗಂಡ ಮರದ ನೆರಳು ಬಿಡಿಸಲು ಕೊಂಬೆ ಕಡಿಯುವಾಗ ಬಿದ್ದು ತೀರಿಹೋದ ಮೇಲೂ ಅಲ್ಲೇ ಉಳಿದಳು. ಆ ಲೈನಿನಿಂದ ಡಿಗ್ರಿಯ ಕೊನೆಯ ವರ್ಷದವರೆಗೆ ಬಂದವರು ರಂಜಿತಾಳಿಗಿಂತ ಮುಂಚೆ ಯಾರೂ ಇಲ್ಲ. "ಇವ್ಳು ಬಿ.ಎ. ಒಂದ್ ಮುಗಿಸ್ಬುಟ್ರೆ ನಾವು ಲೈನ್ ಬುಟ್ಟೇವು" ಎಂದು ರುದ್ರಮ್ಮ ಕಂಡವರಿಗೆಲ್ಲ ಹೇಳುತ್ತಿದ್ದಳು. ಸರ್ವಮಂಗಳಳಿಗೂ ಅದೇ ಹಟ. ಈ ಹುಡುಗಿ ಪರೀಕ್ಷೆಗೆ ಕೂರಬೇಕು, ಮುಗಿಸಬೇಕು. ಉಳಿದದ್ದು ಏನಾದರೂ ಆಗಲಿ.

ಎರಡು ವರ್ಷ ರಂಜಿತಾ ಬಾಯಿ ಬಿಟ್ಟಿರಲಿಲ್ಲ. ಕರೆದರೆ ಎದ್ದು ನಿಲ್ಲುತ್ತಿದ್ದಳು, ಸೆರಗಿನ ಹಾಗೆ ವೇಲಿನ ತುದಿ ಸುತ್ತುತ್ತಿದ್ದಳು, ಕೂರುತ್ತಿದ್ದಳು. ಮೂರನೆಯ ವರ್ಷ ಹೆಂಗಸರ ಆರೋಗ್ಯದ ಮಾತು ನಡೆಯುತ್ತಿತ್ತು. ಕವನಾ ಎಂಬ ಪ್ಲಾಂಟರ ಮಗಳು ದಿನಕ್ಕೆ ಎಷ್ಟು ನೀರು ಕುಡಿಯಬೇಕೆಂದು ಪುಸ್ತಕದಲ್ಲಿ ಓದಿದ್ದನ್ನು ಹೇಳಿದಳು. ಆಗ ಮೂಲೆಯಿಂದ ಒಂದು ಸಣ್ಣ ದನಿ ಬಂತು.

"ನಮ್ಮವ್ವ ಸಂಜೆ ಮೇಲೆ ನೀರೇ ಕುಡಿಯಲ್ಲ."

ಎಲ್ಲ ತಿರುಗಿ ನೋಡಿದರು. "ಯಾಕೆ?" ಎಂದಳು ಸರ್ವಮಂಗಳ.

"ಕತ್ತಲಲ್ಲಿ ಹೊರಗೆ ಹೋಗ್ಬೇಕಾಗ್ತದಲ್ಲ ಮೇಡಂ. ಕಾಫಿ ಗಿಡದ ಮಧ್ಯಕ್ಕೆ. ಆನೆ ಇರ್ತಾವೆ. ನಮ್ ಲೈನಲ್ಲಿ ಯಾವ ಹೆಂಗಸೂ ಕುಡಿಯಲ್ಲ."

"ಲೈನಲ್ಲಿ ಕಕ್ಕಸು ಕಟ್ಟಿಸಿಲ್ವಾ?"

"ಕಟ್ಸಿದಾರೆ. ಬೀಗ ಹಾಕೈತೆ. ಒಳಗೆ ಗೊಬ್ಬರದ ಮೂಟೆ."

ಕವನಾ ತಲೆ ತಗ್ಗಿಸಿದಳು. ಸರ್ವಮಂಗಳಳ ಎದೆಯೊಳಗೆ ಒಲೆ ಹೊತ್ತಿದ ಹಾಗಾಯಿತು. ತಾನು ಕಾಯುತ್ತಿದ್ದ ಮಾತು ಇದೇ ಎನ್ನಿಸಿತು. "ಇದೇ ನಿನ್ನ ವಿಷಯ. ಲೈನಿನ ಹೆಂಗಸರನ್ನೆಲ್ಲ ನೀನೇ ಕೇಳ್ಕೊಂಡು ಬಾ. ಒಂದು ಅಕ್ಷರನೂ ನಾನು ಹೇಳ್ಕೊಡಲ್ಲ" ಎಂದಳು. ಹುಡುಗಿ ಕೇಳಿಕೊಂಡು ಬಂದಳು. ಹೊಟ್ಟೆನೋವಿನವರು, ಉರಿಮೂತ್ರದವರು, ನಸುಕಿನಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಬಿದ್ದು ಸೊಂಟ ಮುರಿದುಕೊಂಡ ಮುದುಕಿ, ಎಲ್ಲರ ಬಾಯಿಂದ ಬಂದದ್ದನ್ನು ಅವಳೇ ಹೊಂದಿಸಿಕೊಂಡಳು. ಸಭೆಯ ಮುಂಚಿನ ದಿನ ಬಂದು, "ತೋಟದ ಹೆಸ್ರು ಹೇಳ್ಲೇಬೇಕಾ ಮೇಡಂ?" ಎಂದು ಕೇಳಿದಳು.

"ಎಲ್ಲರೂ ಹೇಳ್ತಾರಲ್ಲ, ನೀನ್ಯಾಕೆ ಹೇಳ್ಬಾರ್ದು? ನಿಂದೇನು ಕಡಿಮೆ ಊರಾ?"

ಪೇಟೆಯ ಅಂಗಡಿಯಲ್ಲಿ ಹುಟ್ಟಿ ಬೆಳೆದವಳು ಸರ್ವಮಂಗಳ. ತೋಟದ ಹೆಸರು ಹೇಳುವುದು ಪ್ಲಾಂಟರ ಮಗಳಿಗೆ ಒಂದು, ಲೈನಿನ ಮಗಳಿಗೆ ಇನ್ನೊಂದು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಸಭೆಯ ದಿನ ತಂಡದವರ ಪಕ್ಕ ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಒಬ್ಬ ಹಿರಿಯರು ಕೂತಿದ್ದರು. ಆಡಳಿತ ಮಂಡಳಿಯ ಉತ್ತಯ್ಯ. ಸಭಾಂಗಣದ ಪರದೆ, ಪ್ರೊಜೆಕ್ಟರು ಅವರ ದಾನ. ಇಲ್ಲಿಯ ಪದ್ಧತಿಯೇ ಹಾಗೆ, ದಾನ ಕೊಟ್ಟವರನ್ನು ಕರೆದು ಮುಂದೆ ಕೂರಿಸದೆ ಯಾವ ಕಾರ್ಯಕ್ರಮವೂ ನಡೆಯುವುದಿಲ್ಲ. ಬೆಳ್ಯಪ್ಪ ಹಾರ ಹಾಕಿಸಿದರು. ಸರ್ವಮಂಗಳ ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಯಾವಾಗಲೂ ಪ್ರಶ್ನೆ ಕೇಳುವ ಅವಳು ಅಂದು ಅವರ ತೋಟ ಯಾವುದೆಂದು ಕೇಳಲಿಲ್ಲ.

ಮೂವರು ಮಾತಾಡಿ ಇಳಿದರು. ರಂಜಿತಾ ಹತ್ತಿದಳು. ಮುಂದಿನ ಸಾಲನ್ನು ನೋಡಿದಳು, ಅಲ್ಲೇ ನಿಂತುಬಿಟ್ಟಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ಸರ್ವಮಂಗಳಳ ಕಡೆ ಕಣ್ಣು ತಿರುಗಿಸಿದಳು. ಹೆದರಿದೆ ಮಗು ಎಂದುಕೊಂಡಳು ಇವಳು. ನಗುಮುಖ ಮಾಡಿ, ಹೇಳು ಹೇಳು ಎಂದು ತಲೆಯಾಡಿಸಿದಳು.

"ನನ್ನ ಹೆಸರು ರಂಜಿತಾ. ನೇರಳೆಹಳ್ಳ ಎಸ್ಟೇಟಿನ ಲೈನಿನವಳು" ಎಂದು ಹುಡುಗಿ ಶುರುಮಾಡಿದಳು. ಆಮೇಲೆ ತಡೆಯಲಿಲ್ಲ. ನೀರು ಕುಡಿಯದ ಹೆಂಗಸರ ಕಥೆ, ಬೀಗದ ಕಥೆ, ಮೂಟೆಯ ಕಥೆ, ಮುದುಕಿಯ ಸೊಂಟದ ಕಥೆ, ಎಲ್ಲ ಹೇಳಿ ಕೈ ಮುಗಿದು ಇಳಿದಳು. ತಂಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉತ್ತಯ್ಯನವರೂ ತಟ್ಟಿದರು. ಹೊರಡುವಾಗ ಬೆಳ್ಯಪ್ಪನ ಹತ್ತಿರ, "ಹುಡುಗಿ ಚೆನ್ನಾಗಿ ಮಾತಾಡ್ತಾಳೆ. ಯಾರು ಕಲಿಸಿದ್ದು?" ಎಂದು ಕೇಳಿದರಂತೆ. ಬೆಳ್ಯಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. ಸರ್ವಮಂಗಳ ಅಂದು ಮನೆಗೆ ಮಿಠಾಯಿ ಕೊಂಡು ಹೋದಳು.

ತೋಟದಲ್ಲಿ ಬೆಳಿಗ್ಗೆ ಕೆಲಸದವರು ಸಾಲು ನಿಲ್ಲುತ್ತಾರೆ, ರೈಟರ್ ಹೆಸರು ಕರೆಯುತ್ತಾನೆ, ಕರೆದವರು ಅವನು ತೋರಿಸಿದ ಕಡೆ ಕೆಲಸಕ್ಕೆ ಹೋಗುತ್ತಾರೆ. ನೇರಳೆಹಳ್ಳ ಉತ್ತಯ್ಯನವರದೇ ತೋಟ, ಅಲ್ಲಿಯ ರೈಟರ್ ಬೋಜಪ್ಪ. ಮರುದಿನ ಅವನು ರುದ್ರಮ್ಮನ ಹಿಂದಿನವರನ್ನು ಕರೆದ, ಮುಂದಿನವರನ್ನು ಕರೆದ. ಇವಳನ್ನು ಕರೆಯಲಿಲ್ಲ.

"ರೈಟ್ರೇ, ನನ್ ಹೆಸ್ರು ಬುಟ್ಟೋಯ್ತು" ಎಂದಳು ರುದ್ರಮ್ಮ.

"ಹೌದಾ? ನಿನ್ನ ಮಗಳು ಮೈಕಿನಲ್ಲಿ ಚೆಂದ ಕರೀತಾಳಂತೆ. ಅವಳ ಹತ್ರವೇ ಕರೆಸ್ಕೊ" ಎಂದ ಬೋಜಪ್ಪ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಬೇಗ ಬಾಯಿ ಮುಚ್ಚಿಕೊಂಡರು. ಮರುದಿನವೂ ಕರೆಯಲಿಲ್ಲ, ಅದರ ಮರುದಿನವೂ ಇಲ್ಲ. ಕೆಲಸ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತೋಟದಲ್ಲಿ ಹಾಗೆ ಹೇಳುವ ರೂಢಿಯೇ ಇಲ್ಲ, ಹೆಸರು ಕರೆಯದಿದ್ದರೆ ತಿಳಿದುಕೊಳ್ಳಬೇಕು. ನೀರು ಕುಡಿಯುವುದಿಲ್ಲ ಎಂದು ರಂಜಿತಾಳ ಹತ್ತಿರ ಹೇಳಿಕೊಂಡು ಅತ್ತಿದ್ದ ಹೆಂಗಸರೇ ಈಗ ನಲ್ಲಿಯ ಹತ್ತಿರ ರುದ್ರಮ್ಮ ಬಂದರೆ ಕೊಡ ಎತ್ತಿಕೊಂಡು ಹೋಗತೊಡಗಿದರು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕೆಂದು ಕೊನೆಗೆ ಮಾತು ಬಂತು.

ರುದ್ರಮ್ಮ ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನ ಹೊಸಿಲ ಆಚೆಯೇ ಚಪ್ಪಲಿ ಬಿಟ್ಟು ನಿಂತು, ಒಳಗೆ ಬಾ ಎಂದರೂ ಬರಲಿಲ್ಲ.

"ನನ್ ಮಗಳ್ನ ಓದ್ಸಿ ಅಂದೆ ಮೇಡಮ್ಮ. ಮಾತಾಡ್ಸಿ ಅಂದ್ನಾ?"

ಸರ್ವಮಂಗಳ ಕುರ್ಚಿ ಬಿಟ್ಟು ಹೊಸಿಲ ಹತ್ತಿರ ಬಂದಳು.

"ಅರಕಲಗೂಡಲ್ಲಿ ನಂಗ್ಯಾರವ್ರೆ? ಭಾವನ ಮನೆ ಜಗಲಿ ಮ್ಯಾಲೆ ಕೂತ್ಕೊಂಡು ಇವ್ಳು ಪರೀಕ್ಷೆ ಬರ್ದಾಳಾ? ಬ್ಯಾಸಾಯದ್ ಕೆಲ್ಸಕ್ಕೆ ಹಾಕಿ ಯಾವನ್ಗಾರ ಕಟ್ತಾರೆ, ಅಷ್ಟೆಯ. ಇಷ್ಟ್ ವರ್ಷ ನೀರ್ ಕುಡೀದಂಗೆ ಇರ್ಲಿಲ್ವಾ ನಾನು? ಇನ್ನೊಂದ್ ಆರ್ ತಿಂಗ್ಳು ಇರ್ತಿದ್ದೆ."

ಸರ್ವಮಂಗಳ ಅಂದೇ ಸಂಜೆ ನೇರಳೆಹಳ್ಳಕ್ಕೆ ಹೋದಳು. ಬೋಜಪ್ಪ ಕಣದಲ್ಲಿ ಕಾಫಿ ಹರವಿಸುತ್ತಿದ್ದ. ಅವಳನ್ನು ಕಂಡು ಕುರ್ಚಿ ತರಿಸಿದ. ಒರಟ ಅಲ್ಲ ಅವನು.

"ಕಕ್ಕಸಿನ ವಿಷಯ ಅಲ್ಲ ಮೇಡಂ. ಮೂಟೆ ತೆಗೆಸಿದ್ರೆ ಮುಗೀತು, ಅದೆಂತ ದೊಡ್ಡದು? ಸಾವ್ಕಾರ್ರು ನನ್ನ ಕರ್ದು ಕೇಳಿದ್ದು ಒಂದೇ ಮಾತು. 'ಬೋಜಪ್ಪ, ನಮ್ಮ ಲೈನಿನ ಸುದ್ದಿ ನಾನು ಕಾಲೇಜಲ್ಲಿ ಕೂತು ಕೇಳ್ಬೇಕಾ?' ಅಂತ. ನನ್ನ ಅಪ್ಪನ ಕಾಲದಿಂದ ಈ ತೋಟದಲ್ಲಿ ನಮಗೆ ಯಾರೂ ಹಾಗೆ ಅಂದಿಲ್ಲ."

"ಅವರು ಹೊರಗೆ ಹಾಕು ಅಂದ್ರಾ?"

"ಹಾಗೆ ಹೇಳ್ಲಿಕ್ಕೆ ಅವರು ಬೇಕಾ? ನಾನೆಂತಕ್ಕೆ ಇರೋದು?"

"ಹುಡುಗಿ ಸುಳ್ಳು ಹೇಳಿದ್ಲಾ ಬೋಜಪ್ಪನವರೇ?"

ಬೋಜಪ್ಪ ಅವಳನ್ನು ಕನಿಕರದಿಂದ ನೋಡಿದ. "ಸುಳ್ಳು ಹೇಳಿದ್ರೆ ಬೈದು ಬಿಡ್ಬಹುದಿತ್ತು ಮೇಡಂ."

ಮರುದಿನ ಅವಳು ಬೆಳ್ಯಪ್ಪನ ಕೋಣೆಗೆ ಹೋಗಿ ಕೂತಳು, ಅವರು ಹೇಳದೆ ಏಳಲಾರೆ ಎಂಬಂತೆ ಕೂತಳು. ಬೆಳ್ಯಪ್ಪ ಕೆಟ್ಟವರಲ್ಲ. ತಾವೂ ಬಡತನದಲ್ಲಿ ಓದಿ ಬಂದವರು. ಕಿಟಕಿಯ ಕಡೆ ನೋಡುತ್ತ, "ಎಂತ ಮಾಡೋದು ಮೇಡಂ, ಒಂದು ದಾರಿ ಉಂಟು. ನಿಮ್ಗೆ ಕಹಿಯಾಗ್ತದೆ" ಎಂದರು.

"ಹೇಳಿ ಸರ್."

"ಉತ್ತಯ್ಯನವರಿಗೆ ಆ ಕೂಸಿನ ಮೇಲೆ ಸಿಟ್ಟಿಲ್ಲ. ಲೈನಿನ ಹುಡುಗಿ ತಾನಾಗಿ ಕೇಳಿ, ತಾನಾಗಿ ಹೇಳಿದ್ಳು ಅನ್ನೋದು ಉಂಟಲ್ಲ, ಅದು ಅವರ ನಿದ್ದೆ ಕೆಡಿಸಿದ್ದು. ಇವತ್ತು ಇವಳು, ನಾಳೆ ಇನ್ನೊಬ್ಳು. ಮೇಡಂ ಬರೆದು ಕೊಟ್ರು, ಇವಳು ಗಿಳಿಯ ಹಾಗೆ ಒಪ್ಪಿಸಿದ್ಳು ಅಂತಾದ್ರೆ ಅಲ್ಲಿಗೆ ತಣ್ಣಗಾಗ್ತದೆ. ಗಿಳಿಯ ಮೇಲೆ ಯಾರು ಸಿಟ್ಟು ಮಾಡ್ತಾರೆ?"

ಸರ್ವಮಂಗಳ ಎದ್ದು ಬಂದಳು. ಮನೆಯಲ್ಲಿ ಗಂಡನಿಗೆ ಹೇಳಿದಳು. ಅನಿಲ್‌ಕುಮಾರ್ ಊಟದ ತಟ್ಟೆಯಿಂದ ತಲೆ ಎತ್ತದೆ, "ಒಂದ್ ಸುಳ್ಳಿಗೆ ಒಂದ್ ಹುಡ್ಗಿ ಪಾಸಾಗೋದಾದ್ರೆ ಹೇಳ್ಬುಡು. ಒಂದ್ ಕೊಳಾಯಿ ಮಾರಕ್ಕೆ ನಾನ್ ಅದಕ್ಕಿಂತ ಜಾಸ್ತಿ ಹೇಳ್ತೀನಿ" ಎಂದ.

"ನಿಮ್ ಕೊಳಾಯಿಗೆ ಜೀವ ಇಲ್ಲ."

"ಜೀವ ಇರೋಳು ಬೀದಿಗೆ ಬೀಳ್ತಾಳೆ ಅಂತಲೇ ಹೇಳ್ದೆ" ಎಂದ ಅವನು. ಅವಳಿಗೆ ರಂಜಿತಾಳನ್ನು ಒಂದು ಮಾತು ಕೇಳಬೇಕು ಎನ್ನಿಸಿತು. ಕೇಳಿದರೆ ಅವಳು ಬೇಡ ಎನ್ನುತ್ತಾಳೆ ಎಂದೂ ಗೊತ್ತಿತ್ತು. ಕೇಳುವುದನ್ನೇ ಬದುಕು ಮಾಡಿಕೊಂಡವಳು ಕೇಳಬೇಕಾದ ಇನ್ನೊಂದು ಕಡೆಯೂ ಕೇಳಲಿಲ್ಲ.

ಬೆಳ್ಯಪ್ಪನೇ ಅವಳನ್ನು ಉತ್ತಯ್ಯನವರ ಬಂಗಲೆಗೆ ಕರೆದುಕೊಂಡು ಹೋದರು. ಜಗಲಿಯಲ್ಲಿ ಬೆತ್ತದ ಕುರ್ಚಿ, ಕಾಫಿ, ಬಿಸ್ಕತ್ತು. ಉತ್ತಯ್ಯ ಅವಳ ಅಪ್ಪ ಗಂಗಣ್ಣನ ಅಂಗಡಿಯನ್ನು ನೆನೆಸಿಕೊಂಡರು, ಪ್ರಾಮಾಣಿಕ ಮನುಷ್ಯ ಎಂದರು. ಕಾಫಿ ಆರುವವರೆಗೆ ಅವಳು ಲೋಟ ಮುಟ್ಟಲಿಲ್ಲ. ಆಮೇಲೆ ಹೇಳಿದಳು.

"ಆವತ್ತು ರಂಜಿತಾ ಹೇಳಿದ್ದು ಅವಳ ಮಾತಲ್ಲ ಸರ್. ನಾನು ಬರೆದು ಕೊಟ್ಟಿದ್ದು. ತಂಡದವರಿಗೆ ಚೆನ್ನಾಗಿ ಕಾಣ್ಲಿ ಅಂತ ನಾನೇ ಸೇರಿಸಿ ಬರೆದೆ. ಅವಳು ಬಾಯಿಪಾಠ ಮಾಡಿ ಒಪ್ಪಿಸಿದ್ಳು ಅಷ್ಟೇ. ಅವಳಿಗೆ ಏನೂ ಗೊತ್ತಾಗಲ್ಲ."

"ನನಗೆ ಹಾಗೇ ಅನ್ನಿಸಿತ್ತು" ಎಂದರು ಉತ್ತಯ್ಯ. ಮುಖ ಸಡಿಲವಾಯಿತು. "ಲೈನಿನ ಮಕ್ಕಳು ಪಾಪ, ಅಷ್ಟು ಯೋಚನೆ ಮಾಡುವವರಲ್ಲ. ನೀವು ಓದಿದವರು, ನಿಮಗೆ ಉತ್ಸಾಹ. ಆಗಲಿ. ಇನ್ನು ಮುಂದೆ ಆ ಹೊಸ ಪ್ರಯೋಗ ಎಲ್ಲ ಬೇಡ, ಒಳ್ಳೆಯ ನೋಟ್ಸ್ ಕೊಡಿ, ಮಕ್ಕಳು ಪಾಸಾಗಲಿ. ಮತ್ತೆ, ಸಭೆಯಲ್ಲಿ ಆದದ್ದು ಜಗಲಿಯಲ್ಲಿ ಮುಗಿದರೆ ಹೇಗೆ? ಮಕ್ಕಳ ಎದುರೂ ಒಂದು ಮಾತು ಹೇಳಿಬಿಡಿ."

ಹಾಗೆ ಸರ್ವಮಂಗಳ ತನ್ನ ಕ್ಲಾಸಿಗೆ ಹೋದಳು. ಬೆಂಚುಗಳು ಆಗಲೇ ಸಾಲಿಗೆ ಬಂದಿದ್ದವು. ಬೆಳ್ಯಪ್ಪ ಬಾಗಿಲಲ್ಲಿ ನಿಂತರು. ಜಗಲಿಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದಳು, ಒಂದು ಅಕ್ಷರ ಆಚೀಚೆ ಇಲ್ಲದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಜಿತಾ ಮೊದಲಿನ ಎರಡು ವರ್ಷ ಕೂತಿರುತ್ತಿದ್ದ ಮೂಲೆಯಲ್ಲಿದ್ದಳು. ನಿತೇಶ ಎದ್ದು, "ಅಲ್ಲ ಮೇಡಂ, ಅವಳು ನಮ್ಮೆದುರೇ..." ಎಂದು ಶುರುಮಾಡಿದ. "ಕೂತ್ಕೊ ನಿತೇಶ" ಎಂದಳು ಸರ್ವಮಂಗಳ. ಆ ಕ್ಲಾಸಿನಲ್ಲಿ ಅವಳು ಮಾತಾಡಲು ಎದ್ದವರನ್ನು ಕೂರಿಸಿದ್ದು ಅದೇ ಮೊದಲು.

ಮರುದಿನ ಬೋಜಪ್ಪ ರುದ್ರಮ್ಮನ ಹೆಸರು ಕರೆದ. ಲೈನಿನ ಒಂದು ಕಕ್ಕಸಿನಿಂದ ಮೂಟೆಗಳೂ ಹೊರಗೆ ಬಂದವು, ಆದರೆ ನೀರಿನ ಪೈಪು ಬರಲಿಲ್ಲ.

ರುದ್ರಮ್ಮ ಒಂದು ಹಲಸಿನಕಾಯಿ ಹೊತ್ತು ತಂದು ಸ್ಟಾಫ್ ರೂಮಿನ ಹೊಸಿಲಲ್ಲಿ ಇಟ್ಟು, ಬಗ್ಗಿ ಸರ್ವಮಂಗಳಳ ಕಾಲು ಮುಟ್ಟಲು ಹೋದಳು. ಇವಳು ಹಿಂದಕ್ಕೆ ಸರಿದಳು. "ನಿಮ್ ಋಣ ತೀರ್ಸಕ್ಕಾಗಲ್ಲ ಮೇಡಮ್ಮ. ನಮ್ ಮಗಿ ತಲೆ ಮ್ಯಾಲಿಂದ ತಗ್ದು ನಿಮ್ ತಲೆ ಮ್ಯಾಲೆ ಹಾಕ್ಕೊಂಡ್ರಿ" ಎಂದು ಅತ್ತಳು. ಅವಳ ಹಿಂದೆ ಕಂಬದ ಮರೆಯಲ್ಲಿ ರಂಜಿತಾ ನಿಂತಿದ್ದಳು. ಅವ್ವ ಮೆಟ್ಟಿಲು ಇಳಿದು ಹೋದ ಮೇಲೆ ಮುಂದೆ ಬಂದಳು.

"ಆ ಮಾತು ನಂದು ಮೇಡಂ."

"ನಂಗೊತ್ತು ರಂಜಿತಾ."

"ಮನೆ ಮನೆ ಬಾಗಿಲಿಗೆ ಹೋಗಿ ನಾನ್ ಕೇಳಿದ್ದು. ಸೊಂಟ ಮುರ್ದಿರೋ ಅಜ್ಜಿ ನಂಗೊಬ್ಳಿಗೇ ಹೇಳಿದ್ದು."

"ನೀನು ಪರೀಕ್ಷೆ ಬರೀಬೇಕಲ್ಲ. ಅದಕ್ಕೋಸ್ಕರ..."

"ಬರೀದೆ ಹೋದ್ರೂ ಅದು ನಂದೇ ಆಗಿರ್ತಿತ್ತು." ಹುಡುಗಿ ಅಳಲಿಲ್ಲ. "ಈಗ ಲೈನಲ್ಲಿ ಎಲ್ರೂ ಏನಂತಾರೆ ಗೊತ್ತಾ? ಇವ್ಳಿಗೇನ್ ಗೊತ್ತು ಪಾಪ, ಮೇಡಂ ಬರ್ಕೊಟ್ಟಿದ್ದು ಅಂತಾರೆ. ಅವ್ವನೂ ಹಂಗೇ ಅಂತಾಳೆ. ಅವ್ವ ನಂಬಿದಾಳೆ ಮೇಡಂ. ಅವ್ಳು ನೀರ್ ಕುಡಿಯಲ್ಲ ಅಂತ ನಿಮ್ಗೆ ಹೇಳಿದ್ದು ಯಾರು? ನೀವು ನನ್ನ ಒಂದ್ ಮಾತು ಕೇಳ್ಬೋದಿತ್ತು."

ಸರ್ವಮಂಗಳ ಅವಳ ಭುಜದ ಮೇಲೆ ಕೈ ಇಡಲು ಹೋದಳು. ರಂಜಿತಾ ಕೈ ಬೀಳುವ ಮುಂಚೆಯೇ ತಿರುಗಿ ಮೆಟ್ಟಿಲು ಇಳಿದಳು.

ಆಮೇಲಿನ ತಿಂಗಳುಗಳಲ್ಲಿ ಪಾಠ ಸರಾಗವಾಗಿ ನಡೆಯಿತು. ಸರ್ವಮಂಗಳ ಹೇಳಿದಳು, ಮಕ್ಕಳು ಬರೆದುಕೊಂಡರು. ಮಿಲನ್ ಒಂದು ಸಲ ಮಾತ್ರ, "ಮೇಡಂ, ಕಾರಣಗಳು ಮುಗಿದ್ವಾ? ಪರಿಣಾಮಕ್ಕೆ ಬಂದ್ವಾ?" ಎಂದು ಕೇಳಿದ. ಅದು ತಮಾಷೆಯೋ ಚುಚ್ಚುಮಾತೋ ಯಾರಿಗೂ ತಿಳಿಯಲಿಲ್ಲ, ಯಾರೂ ನಗಲಿಲ್ಲ. ನ್ಯಾಕ್ ತಂಡದ ಒಳ್ಳೆಯ ಅಭಿಪ್ರಾಯ ಬಂದು ಕಾಲೇಜಿನ ಗೇಟಿಗೆ ಬ್ಯಾನರ್ ಏರಿತು. ಬೆಳ್ಯಪ್ಪ ಅವಳನ್ನು ಕರೆದು ಬರುವ ವರ್ಷಕ್ಕೂ ನೀವೇ ಇರಿ ಎಂದು ಈಗಲೇ ಹೇಳಿದರು. ಅಷ್ಟು ವರ್ಷಗಳಲ್ಲಿ ಕಾಯಿಸದೆ ಬಂದ ಕರೆ ಅದೊಂದೇ. ಅಂದೂ ಅವಳು ಉಣ್ಣಲಿಲ್ಲ.

ಪರೀಕ್ಷೆಗೆ ರಂಜಿತಾ ಒಂದು ದಿನವೂ ತಪ್ಪದೆ ಬಂದಳು. ಸಮಾಜಶಾಸ್ತ್ರದ ಪತ್ರಿಕೆ ಕೊನೆಗೆ. ಅಂದು ಸರ್ವಮಂಗಳ ಮೇಲ್ವಿಚಾರಣೆ ಇಲ್ಲದಿದ್ದರೂ ಬಂದು ಗೇಟಿನ ಪಕ್ಕ ನಿಂತಿದ್ದಳು. ಮಕ್ಕಳು ಗುಂಪಾಗಿ ಹೊರಗೆ ಬಂದರು, ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಂಡು, ಕಿರುಚಿಕೊಂಡು. ರಂಜಿತಾ ಕೊನೆಯವಳಾಗಿ ಬಂದಳು. ಕುಶಾಲನಗರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಗೊತ್ತಾಗಿದೆ, ಫಲಿತಾಂಶ ಬರುವ ಮುಂಚೆಯೇ ಲೈನ್ ಬಿಡುತ್ತಾರೆ ಎಂಬ ಸುದ್ದಿ ಸರ್ವಮಂಗಳಳ ಕಿವಿಗೂ ಬಿದ್ದಿತ್ತು.

"ಹೇಗಿತ್ತು ರಂಜಿತಾ ಪೇಪರ್?"

ಹುಡುಗಿ ನಿಂತಳು. ಮರ್ಯಾದೆ ತಪ್ಪಲಿಲ್ಲ, ಮುಖ ಗಂಟು ಹಾಕಲಿಲ್ಲ.

"ನೀವು ಬರೆಸಿದ್ದೇ ಬಂದಿತ್ತು ಮೇಡಂ. ಹಂಗೇ ಬರ್ದಿದೀನಿ. ಪಾಸಾಗ್ತೀನಿ."

ಅಷ್ಟು ಹೇಳಿ ರಸ್ತೆ ದಾಟಿ ಹೋದಳು. ಆ ಬದಿಯಲ್ಲಿ ಪಿಕಪ್ ಒಂದು ನಿಂತಿತ್ತು, ತೋಟದ ಹೆಂಗಸರು ತುಂಬಿದ್ದರು. ಯಾರೋ ಕೈ ಕೊಟ್ಟು ಅವಳನ್ನು ಮೇಲಕ್ಕೆ ಎಳೆದುಕೊಂಡರು. ಗಾಡಿ ಹೊರಟಿತು. ಸರ್ವಮಂಗಳ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಹಿಂದಿನಿಂದ ಕಾವಲುಗಾರ ಬಂದು, "ಮೇಡಂ, ಗೇಟ್ ಹಾಕ್ಬೇಕು" ಎಂದ.